ತೋಟಕ್ಕೆ ಬಿಡದ ದಿನಗಳು

ನಮ್ಮ ಅತ್ತೆಗೆ ಮುಟ್ಟು ನಿಂತು ಬಹಳ ವರ್ಷಗಳಾಗಿದ್ದವು. ನಾನು ಸೊಸೆಯಾಗಿ ಆ ಮನೆಗೆ ಹೋಗುವ ಹೊತ್ತಿಗೇ ನಿಂತಿತ್ತು. ಹಾಗಾಗಿ ಒಂದು ಬೇಸಿಗೆಯ ಬೆಳಿಗ್ಗೆ ಅವರು ಒಲೆಯ ಹತ್ತಿರ ಬರದೆ, ದೇವರ ಮುಂದೆ ದೀಪ ಹಚ್ಚದೆ, ಹಿತ್ತಲ ಕೋಣೆಯ ಬಾಗಿಲಲ್ಲಿ ಚಾಪೆ ಹಾಕಿಕೊಂಡು ಕುಳಿತದ್ದನ್ನು ಕಂಡು ನನಗೆ ಏನೂ ತಿಳಿಯಲಿಲ್ಲ.

"ಯಾಕ್ರಿ ಅತ್ತಿ, ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಹತ್ತಿರ ಹೋದೆ.

"ಮುಟ್ಟಬ್ಯಾಡ ಬೇ. ಹೊರಗಾಗೇನಿ," ಎಂದರು. ಎಂದವರು ಮುಖ ಆಚೆ ತಿರುಗಿಸಿ, ಸೆರಗು ಬಾಯಿಗೆ ಹಿಡಿದು, ಹೊಸದಾಗಿ ಮೈನೆರೆದ ಹುಡುಗಿಯ ಹಾಗೆ ನಕ್ಕರು.

ಆ ನಗು ನನ್ನನ್ನು ಇನ್ನೂ ಬಿಟ್ಟಿಲ್ಲ. ಆ ಕೋಣೆ ಈಗ ಇಲ್ಲ, ಕೆಡವಿ ಗೋಬರ್ ಗ್ಯಾಸಿನ ಗುಂಡಿ ತೋಡಿಸಿದ್ದೇವೆ. ಆದರೂ ಹಿತ್ತಲ ಕಡೆ ಹೋದಾಗ ಬಾಗಿಲಲ್ಲಿ ಯಾರೋ ಕುಳಿತು ನಕ್ಕ ಹಾಗಾಗುತ್ತದೆ. ದೆವ್ವ ಭೂತ ನಂಬುವವಳಲ್ಲ ನಾನು. ಆದರೆ ಸಾವು ಬಂದು ಬಾಗಿಲಲ್ಲಿ ಕುಳಿತಾಗ ಮನೆಯವರೆಲ್ಲ ಸೇರಿ ಅದಕ್ಕೆ ತಟ್ಟೆಯಲ್ಲಿ ರೊಟ್ಟಿ ಪಲ್ಲೆ ಹಾಕಿ ಕೊಟ್ಟೆವಲ್ಲ, ಅದು ನೆನಪಾದರೆ ಮೈ ಝುಂ ಎನ್ನುತ್ತದೆ. ನಿಂತದ್ದು ಮತ್ತೆ ಬಂದರೆ ಅದು ಮುಟ್ಟಲ್ಲ, ರೋಗ ಎಂದು ಹೇಳುವವರು ನಮ್ಮ ಸೀಮೆಯಲ್ಲಿ ಆಗ ಯಾರೂ ಇರಲಿಲ್ಲ. ಇದ್ದವರೊಬ್ಬರು ಹೇಳಲಿಲ್ಲ. ಆ ಮಾತು ಮುಂದೆ ಬರುತ್ತದೆ.

ನಮ್ಮೂರು ಕೃಷ್ಣೆಯ ದಂಡೆಗೆ, ಜುಗೂಳದಿಂದ ಸ್ವಲ್ಪ ಆಚೆ. ಹೊಳೆ ದಾಟಿದರೆ ಮಹಾರಾಷ್ಟ್ರ. ಕೆಳಗಿನ ಕಪ್ಪು ನೆಲದಲ್ಲಿ ಕಬ್ಬು, ಮೇಲಿನ ನೆಲದಲ್ಲಿ ದ್ರಾಕ್ಷಿ. ಎರಡೂ ನಮ್ಮವಲ್ಲ. ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಸೀಜನ್ ಕೆಲಸಗಾರರು. ಕಬ್ಬು ನುರಿಸುವ ತಿಂಗಳುಗಳಲ್ಲಿ ಹಗಲು ರಾತ್ರಿ ಪಾಳಿ, ಒಂದು ದಿನ ತಪ್ಪಿಸಿದರೆ ಆ ಜಾಗಕ್ಕೆ ಇನ್ನೊಬ್ಬ ಸಿದ್ಧ. ಸೀಜನ್ ಮುಗಿದರೆ ಮನೆಯಲ್ಲೇ. ಎಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಮ್ಮ ಮನೆ ನಡೆಯುತ್ತಿದ್ದುದು ಹೀಗೆ: ಕಾರ್ಖಾನೆ ನಡೆದಾಗ ಕೈಯಲ್ಲಿ ಹೊತ್ತಿಲ್ಲ, ಕಾರ್ಖಾನೆ ನಿಂತಾಗ ಕೈಯಲ್ಲಿ ರೊಕ್ಕವಿಲ್ಲ. ಜಡ್ಡು ಬಂದರೆ ಯಾವ ತಿಂಗಳಲ್ಲಿ ಬರಬೇಕು ಎಂಬುದನ್ನು ಅದೇ ವಿಚಾರ ಮಾಡಿಕೊಂಡು ಬರಬೇಕಿತ್ತು.

ವರ್ಷವಿಡೀ ಒಲೆ ಉರಿಯುವಂತೆ ನೋಡಿಕೊಂಡದ್ದು ಅತ್ತೆಯ ಕೂಲಿ. ಮೇಲಿನ ದೊಡ್ಡ ದ್ರಾಕ್ಷಿ ತೋಟಕ್ಕೆ ಅವರು ದಿನಾ ಹೋಗುತ್ತಿದ್ದರು. ಬಳ್ಳಿ ಕಟ್ಟುವುದು, ಗೊನೆಯೊಳಗೆ ಒತ್ತಾದ ಹೀಚುಗಳನ್ನು ಸಣ್ಣ ಕತ್ತರಿಯಿಂದ ತೆಗೆಯುವುದು, ಕೊನೆಗೆ ಹಣ್ಣು ಇಳಿಸುವುದು. ಆ ತೋಟದಲ್ಲಿ ಒಂದು ಕಟ್ಟಳೆ ಇತ್ತು. ಹೊರಗಾದ ಹೆಂಗಸರು ಒಳಗೆ ಕಾಲಿಡಬಾರದು. ಇಟ್ಟರೆ ಬಳ್ಳಿ ಒಣಗುತ್ತದೆ, ಹೂವು ಉದುರುತ್ತದೆ. ಎಲೆಬಳ್ಳಿ ತೋಟಗಳಲ್ಲಿ ಹಿಂದಿನಿಂದ ಇದ್ದ ಕಟ್ಟಳೆ, ದ್ರಾಕ್ಷಿ ಬಂದ ಮೇಲೆ ಅದಕ್ಕೂ ಅಂಟಿಕೊಂಡಿತು. ಬೇಲಿಯ ಬಾಗಿಲಲ್ಲಿ ಯಾರೂ ಕೇಳುತ್ತಿರಲಿಲ್ಲ. ಹೆಂಗಸರು ತಾವಾಗಿಯೇ ಮನೆಯಲ್ಲಿ ಉಳಿಯುತ್ತಿದ್ದರು, ಆ ದಿನಗಳ ಕೂಲಿ ತಾವಾಗಿಯೇ ಹೋಗುತ್ತಿತ್ತು. ಮುಟ್ಟು ನಿಂತವರಿಗೆ ಮಾತ್ರ ತಿಂಗಳು ಪೂರ್ತಿ ಕೆಲಸ. ಅದಕ್ಕೇ ನಮ್ಮ ಅತ್ತೆ ಮತ್ತು ನೆರೆಮನೆಯ ಚಿಗವ್ವ, ಇಬ್ಬರೂ ಆ ತೋಟಕ್ಕೆ ಬೇಕಾದವರು. ಚಿಗವ್ವ ನಮಗೆ ಸಂಬಂಧದವಳಲ್ಲ. ಗಂಡ ತೀರಿಕೊಂಡಿದ್ದ, ಮಗಳನ್ನು ರಾಯಬಾಗ ಕಡೆ ಕೊಟ್ಟಿದ್ದಳು, ಒಂಟಿ ಜೀವ. ಅತ್ತೆಗಿಂತ ಸ್ವಲ್ಪ ಚಿಕ್ಕವಳು. ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುವಷ್ಟು ಸ್ನೇಹ.

ಹೊರಗೆ ಕುಳಿತ ಅತ್ತೆಯನ್ನು ನೋಡಿ ಓಣಿಗೆ ಹಬ್ಬ. ಓಣಿಯ ಹಿರಿಯಳನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಬಾಣಂತನ, ಮದುವೆ, ಹೆಣದ ಸ್ನಾನ, ಎಲ್ಲದರಲ್ಲೂ ಅವಳ ಮಾತೇ ಕಡೆಯದು. ಅವಳು ನಮ್ಮ ಕಟ್ಟೆಗೆ ಬಂದು ಕುಳಿತು, "ನಿಮ್ಮತ್ತಿಗಿ ಮತ್ತ ಹರೇ ಬಂದೈತಿ ನೋಡ. ನಿನಕಿಂತ ಮೊದಲ ಆಕೀನ ತೊಟ್ಟಲ ಕಟ್ಟತಾಳ," ಎಂದು ನನಗೆ ಚುಚ್ಚಿದಳು. ನನಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಅತ್ತೆ ಒಳಗಿನಿಂದಲೇ, "ಬಾಯಾಗ ಹುಳಾ ಬೀಳ್ಲಿ ನಿನ್ನ," ಎಂದು ಬೈದು ನಕ್ಕರು.

ನನಗೆ ನಿಜಕ್ಕೂ ಖುಷಿಯಾಗಿತ್ತು, ಅದನ್ನೂ ಹೇಳಬೇಕು. ಆ ಮನೆಗೆ ಬಂದ ಮೇಲೆ ಅತ್ತೆ ಹಗಲಿನಲ್ಲಿ ಮಲಗಿದ್ದನ್ನು ನಾನು ನೋಡಿರಲಿಲ್ಲ. ಈಗ ತಿಂಗಳಿಗೊಮ್ಮೆ ಹಿತ್ತಲ ಕೋಣೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದರು. ನಾನು ಬಿಸಿ ರೊಟ್ಟಿ ಒಯ್ದು ದೂರದಿಂದ ತಟ್ಟೆಗೆ ಹಾಕುತ್ತಿದ್ದೆ. "ಸೊಸಿ ಕೈಲೆ ಕುಂತ ಉಣ್ಣೂದ ಬರೇ ಹೊರಗಾದಾಗ ನೋಡ," ಎಂದು ಚೇಷ್ಟೆ ಮಾಡುತ್ತಿದ್ದರು. ಮುಖ ಸ್ವಲ್ಪ ಬಿಳಿಚಿತ್ತು. ಬಿಸಿಲಿಗೆ ಹೋಗದ್ದಕ್ಕೆ ಬಣ್ಣ ಬಂದಿದೆ ಎಂದುಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ತಿಂಗಳಿಗೊಮ್ಮೆ ಎನ್ನುವ ಮಾತೇ ಉಳಿಯಲಿಲ್ಲ. ನಾಲ್ಕು ದಿನ ಒಳಗೆ ಬಂದರೆ ಮತ್ತೆ ಹೊರಗೆ. ಬಾವಿಯ ಹತ್ತಿರ ಬಟ್ಟೆ ಒಗೆಯುವಾಗ ನನ್ನನ್ನು ಆ ಕಡೆ ಬರಗೊಡುತ್ತಿರಲಿಲ್ಲ. ಆಯಿ ಸಮಾಧಾನ ಹೇಳಿದಳು, "ಕಡೀ ಸಲ ಹೋಗೂಮುಂದ ಹಿಂಗ ಕಾಡಿಸಿ ಹೋಗತೈತಿ." ಆಯಿ ಹೇಳಿದ ಮೇಲೆ ಮುಗಿಯಿತು. ನಮ್ಮ ಯಜಮಾನರಿಗಂತೂ ಇದು ಹೆಂಗಸರ ಸುದ್ದಿ, ಕಿವಿಗೆ ಬಿದ್ದರೂ ಬೀಳದವರ ಹಾಗೆ ಎದ್ದು ಹೋಗುತ್ತಿದ್ದರು. ತಾಯಿಯ ಮುಟ್ಟಿನ ಮಾತನ್ನು ಮಗ ಆಡುವುದುಂಟೇ?

ದೀಪಾವಳಿಯ ಹಿಂದೆಮುಂದೆ ದ್ರಾಕ್ಷಿ ಬಳ್ಳಿ ಕತ್ತರಿಸಿದ ಮೇಲೆ ತೋಟದ ಕೆಲಸ ಜೋರು. ಹೂ ಕಟ್ಟುವ ಆ ತಿಂಗಳುಗಳಲ್ಲಿ ಅರ್ಧ ತಿಂಗಳು ಮನೆಯಲ್ಲಿ ಕುಳಿತರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ. ಅತ್ತೆ ಒಂದು ದಿನ ಹಿತ್ತಲ ಕೋಣೆಯಿಂದ ಎದ್ದು ಮಿಂದು, ಸೀರೆ ಬಿಗಿಯಾಗಿ ಕಚ್ಚೆ ಹಾಕಿ ಉಟ್ಟು, ಬುತ್ತಿ ಕಟ್ಟಿಕೊಂಡು ಹೊರಟರು.

"ಅತ್ತಿ, ಇನ್ನೂ ಹೊರಗ ಅದೀರಲ್ರಿ?" ಎಂದೆ.

"ನೀ ಸುಮ್ಕಿರ. ಬಳ್ಳಿ ಮುಟ್ಟಂಗಿಲ್ಲ ನಾ. ಕಸಾ ತಗೀತೇನಿ, ಅಷ್ಟ."

ಬಳ್ಳಿ ಮುಟ್ಟದೆ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡಲು ಆಗುತ್ತದೆಯೇ? ಮುಟ್ಟಿದರು. ಹೊಟ್ಟೆಪಾಡಿಗೆ ಮುಟ್ಟಿದರು, ಮುಟ್ಟಿದ ಪ್ರತಿ ಬಳ್ಳಿಗೂ ಮನಸ್ಸಿನಲ್ಲೇ ಕೈಮುಗಿದರು. ಚಿಗವ್ವನಿಗೆ ಗೊತ್ತಿತ್ತು. ಅವಳು ಅತ್ತೆಯ ಪಾಲಿನ ಸಾಲನ್ನೂ ತಾನೇ ಮಾಡಲು ನೋಡುತ್ತಿದ್ದಳಂತೆ.

ಅದೇ ತಿಂಗಳಲ್ಲಿ ಅಕಾಲದ ಮಳೆ ಬಂತು. ಮೂರು ನಾಲ್ಕು ದಿನ ಬಿಡದೆ ಹನಿ, ಮೋಡ, ಮಂಜು. ಎಲೆಯ ಅಡಿಗೆ ಬಿಳಿ ಬೂಷ್ಟು ಹತ್ತಿತು, ಹೂವೆಲ್ಲ ಕಪ್ಪಾಗಿ ಉದುರಿತು. ದ್ರಾಕ್ಷಿ ಬೆಳೆಯುವವರು ದಾವಣಿ ರೋಗ ಎನ್ನುವುದು ಇದನ್ನೇ. ಹಾರೂಗೇರಿಯ ತನಕ ಎಷ್ಟೋ ತೋಟಗಳು ಹೋದವು. ಮಾಲಕರು ಮೋಡಕ್ಕೆ ಬೈದರು, ಔಷಧದ ಅಂಗಡಿಯವನಿಗೆ ಬೈದರು. ಯಾರೂ ನಮ್ಮ ಅತ್ತೆಯ ಹೆಸರೆತ್ತಲಿಲ್ಲ. ಎತ್ತಿದ್ದು ಅತ್ತೆಯೇ.

ನಾನು ಆ ದಿನ ಬುತ್ತಿ ಒಯ್ದಿದ್ದೆ. ಮಾಲಕರ ಹೆಂಡತಿ ತೋಟದ ಮನೆಯ ಮುಂದೆ ನಿಂತು ಉದುರಿದ ಹೂ ನೋಡುತ್ತಿದ್ದರು. ಕೆಲಸದವರೆಲ್ಲ ಅವರನ್ನು ವೈನಿ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು, ಕೂಲಿಯವರಿಗೂ ಚಹಾ ಕೊಟ್ಟೇ ತಾವು ಕುಡಿಯುವವರು. ಎರಡು ವರ್ಷಗಳ ಹಿಂದೆ ಹೊಟ್ಟೆಯಲ್ಲಿ ಕಲ್ಲಾಗಿದೆ ಎಂದು ಮುಂಬೈಗೆ ಹೋಗಿ, ಮೈದುನನ ಮನೆಯಲ್ಲಿದ್ದು, ಬಹಳ ತಿಂಗಳ ಮೇಲೆ ಕಡ್ಡಿಯಾಗಿ ತಿರುಗಿ ಬಂದಿದ್ದರು. ಈಗ ಮತ್ತೆ ಮೈ ತುಂಬಿಕೊಂಡಿತ್ತು.

ಅತ್ತೆ ಹೋಗಿ ಅವರ ಮುಂದೆ ನೆಲದಲ್ಲಿ ಕುಳಿತುಬಿಟ್ಟರು. "ವೈನ್ಯಾರ, ನನ್ನಿಂದ ತ್ವಾಟ ಹೋತ್ರಿ. ಹೊರಗಿದ್ದಕಿ ಬಂದ ಬಳ್ಳಿ ಮುಟ್ಟೇನ್ರಿ. ನಂದ ತಪ್ಪ," ಎಂದು ಅತ್ತರು.

ಚಿಗವ್ವ ಅಲ್ಲೇ ಇದ್ದಳು, ಕೈಯಲ್ಲಿ ಬುಟ್ಟಿ ಹಿಡಿದು. ನಾನು ವೈನಿಯ ಮುಖ ನೋಡುತ್ತಿದ್ದೆ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಸಿಟ್ಟು ಬರಲಿಲ್ಲ, ಮುಖದ ರಕ್ತ ಇಳಿದುಹೋಯಿತು.

"ನಿನಗ ನಿಂತಿತ್ತಲ್ಲ?" ಎಂದರು.

"ನಿಂತಿತ್ತರಿ. ಮತ್ತ ಸುರು ಆಗೇತಿ, ಬ್ಯಾಸಗಿಯಿಂದ."

ವೈನಿ ಕೆಳಗೆ ಬಗ್ಗಿ, ಬಹಳ ಸಣ್ಣ ದನಿಯಲ್ಲಿ ಕೇಳಿದರು, "ವಾಸನಿ ಬರತೈತೇನ? ಸೊಂಟ ಹಿಡಿದಂಗ ಆಗತೈತೇನ? ಕಾಲ ಜಗ್ಗತಾವೇನ?"

ಅತ್ತೆ ಎಲ್ಲಕ್ಕೂ ಹೌದು ಎಂದು ತಲೆಯಾಡಿಸಿದರು. ನಾನು ಮನೆಯಲ್ಲಿದ್ದವಳು, ನನಗೇ ತಿಳಿಯದ ಸಂಗತಿಗಳು ಇವರಿಗೆ ಹೇಗೆ ತಿಳಿದವು ಎಂದು ಅಂದು ಸೋಜಿಗಪಟ್ಟೆ. ಅದಕ್ಕಿಂತ ಮುಂದೆ ನನ್ನ ಬುದ್ಧಿ ಓಡಲಿಲ್ಲ.

"ತ್ವಾಟದ ಮಾತ ಬಿಡ," ಎಂದರು ವೈನಿ. "ಸರ್ಕಾರಿ ದವಾಖಾನ್ಯಾಗ ಕ್ಯಾಂಪ್ ಐತಂತ, ಹೆಣ್ಣ ಡಾಕ್ಟರ್ ಬರತಾರ. ಹೋಗಿ ತೋರಸ. ತಪ್ಪಸಬ್ಯಾಡ. ಆರಾಮ ಆಗೂತನಕ ತ್ವಾಟಕ್ಕ ಬರಬ್ಯಾಡ."

ಮರುಕದಿಂದಲೇ ಅಂದ ಮಾತು. ಆದರೆ ಕೂಲಿಯವಳ ಕಿವಿಗೆ ಅದು ಬೇರೆಯೇ ಕೇಳುತ್ತದೆ. ದಾರಿಯಲ್ಲಿ ಅತ್ತೆ ಚಿಗವ್ವನಿಗೆ, "ಹೇಳಬಾರದಿತ್ತ ನೋಡ. ಕೆಲಸಾ ಹೋತ," ಎಂದರು. ಚಿಗವ್ವ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಮುಂದೆ ನಡೆದಳು. ಮಾರನೆಯ ದಿನದಿಂದ ಅವಳು ಒಬ್ಬಳೇ ತೋಟಕ್ಕೆ ಹೋದಳು.

ಕ್ಯಾಂಪು ನಡೆದದ್ದು ಚಳಿಗಾಲದಲ್ಲಿ, ಎರಡು ಊರಾಚೆಯ ಸರ್ಕಾರಿ ದವಾಖಾನೆಯಲ್ಲಿ. ಆ ದವಾಖಾನೆಯನ್ನು ನಾನು ಮೊದಲೂ ಕಂಡಿದ್ದೆ. ಹೆಣ್ಣು ಡಾಕ್ಟರ ಜಾಗ ಖಾಲಿ ಇದ್ದು ಇದ್ದು, ಅವರ ಕೋಣೆಯಲ್ಲಿ ಸೊಳ್ಳೆಯ ಔಷಧ ಹೊಡೆಯುವ ಪಂಪುಗಳನ್ನು ತುಂಬಿದ್ದರು. ಗಂಡು ಡಾಕ್ಟರು ವಾರದಲ್ಲಿ ಕೆಲವು ದಿನ ಬರುತ್ತಿದ್ದರು. ಅವರ ಮುಂದೆ ನಮ್ಮ ಅತ್ತೆ ಸೀರೆ ಸಡಿಲಿಸುವುದು ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಹೆಂಗಸು ಬಂದು ನಿಶ್ಶಕ್ತಿ ಎಂದರೆ ಕೆಂಪು ಗುಳಿಗೆ. ತಲೆ ತಿರುಗುತ್ತದೆ ಎಂದರೂ ಅದೇ ಕೆಂಪು ಗುಳಿಗೆ.

ಕ್ಯಾಂಪಿನ ದಿನ ಮಾತ್ರ ಆ ಹಾಳು ದವಾಖಾನೆಗೆ ಎಲ್ಲಿಲ್ಲದ ಕಳೆ. ಶಾಮಿಯಾನ, ಜೀಪುಗಳು, ಗೋಡೆಗೆ ಕೆಂಪು ತ್ರಿಕೋನದ ಹೊಸ ಚಿತ್ರ, ಜನರೇಟರು. ಸರ್ಕಾರದ ಹಣ ಎಲ್ಲಿದೆ ಎಂದು ಕೇಳುವವರು ಅವತ್ತು ಬಂದು ನೋಡಬೇಕಿತ್ತು. ಕುಟುಂಬ ಯೋಜನೆಯ ಆಪರೇಶನ್ನಿಗೆ ಕರೆತಂದ ಸಣ್ಣ ವಯಸ್ಸಿನ ಹುಡುಗಿಯರು, ಕಂಕುಳಲ್ಲಿ ಕೂಸುಗಳು, ಸಾಲುಗಟ್ಟಿ ಕುಳಿತಿದ್ದರು. ಆ ಸಾಲಿನಲ್ಲಿ ತಲೆ ನೆರೆತವರು ನಮ್ಮ ಅತ್ತೆಯೊಬ್ಬರೇ. ಪಕ್ಕದ ಹುಡುಗಿಯೊಬ್ಬಳು, "ಅಜ್ಜಿ, ನೀವೂ ಆಪರೇಶನ್ನಿಗಿ ಬಂದೀರೇನ್ರಿ?" ಎಂದು ಕೇಳಿ ತಾನೇ ನಕ್ಕಳು.

ನರ್ಸಮ್ಮನ ಹತ್ತಿರ ನಾನು ಸಂಗತಿ ಹೇಳಿದೆ. ಅವಳು ಬೆವರಿ ಮುದ್ದೆಯಾಗಿದ್ದಳು. "ಮಕ್ಕಳಾಗೂ ವಯಸ್ಸಿನವರಿಗಷ್ಟ ಇವತ್ತ. ಇವರ್ನ ಎಲ್ಲಿ ಸೇರಸಲಿ ನಾ? ಮ್ಯಾಲಿನವರಿಗಿ ಇಷ್ಟ ಕೇಸ್ ಮಾಡಿ ತೋರಸಬೇಕು. ಸರೀರಿ ಅತ್ಲಾಗ," ಎಂದಳು.

ನಾನು ಸರಿಯಲಿಲ್ಲ. ನನಗೆ ಮೊದಲಿನಿಂದಲೂ ಬಾಯಿ ಜೋರು. ಡಾಕ್ಟರಮ್ಮ ಕೈ ತೊಳೆಯಲು ಹೊರಗೆ ಬಂದಾಗ ಅಡ್ಡ ಹೋಗಿ ನಿಂತೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆಕೆ ಅತ್ತೆಯ ಕಡೆ ನೋಡಿದರು, ಕಣ್ಣರೆಪ್ಪೆ ಕೆಳಗೆ ಎಳೆದು ನೋಡಿದರು. "ಇದು ಇಲ್ಲಿ ನೋಡುವಂಥದ್ದಲ್ಲ. ಒಳಗೆ ನೋಡಲು ಬೇಕಾದ ಸಾಮಾನೇ ಇಲ್ಲಿಲ್ಲ, ನನಗೆ ಇವತ್ತು ಉಸಿರು ಬಿಡಲು ಹೊತ್ತಿಲ್ಲ. ದೊಡ್ಡ ದವಾಖಾನೆಗೆ ಕರಕೊಂಡು ಹೋಗಿ, ಬೇಗ ಹೋಗಿ," ಎಂದರು. ಎಲ್ಲಿಂದಲೋ ಬಂದವರು, ನಮ್ಮ ಕಡೆಯ ಮಾತಲ್ಲ. ಒಳಗೆ ಯಾರೋ ಕರೆದರು, ಹೋದರು.

ಬಹಳ ವರ್ಷ ಆ ಹೆಂಗಸನ್ನು ಶಪಿಸಿದ್ದೇನೆ. ಈಗ ಶಪಿಸುವುದಿಲ್ಲ. ಒಂದು ದಿನದಲ್ಲಿ ಅಷ್ಟು ಹೊಟ್ಟೆಗಳನ್ನು ಕೊಯ್ದು ಹೊಲಿಯಲು ಅವರನ್ನು ಕಳಿಸಿದವರ ಮೇಲೆ ನನ್ನ ಸಿಟ್ಟು. ಹೆರುವ ಹೊಟ್ಟೆಯ ಮೇಲೆ ಮಾತ್ರ ಅವರ ಕಣ್ಣು. ಅದಕ್ಕೆ ಜೀಪು, ಅದಕ್ಕೆ ಶಾಮಿಯಾನ. ಹೆತ್ತು, ಸಾಕಿ, ದುಡಿದು ಮುಗಿಸಿದ ಹೊಟ್ಟೆಯೊಳಗೆ ಏನು ಕೊಳೆಯುತ್ತಿದೆ ಎಂದು ಇಣುಕಿ ನೋಡಲು ಒಂದು ಟೇಬಲ್ಲು, ಒಂದು ದೀಪ ಸಿಗಲಿಲ್ಲ. ನಮ್ಮ ಅತ್ತೆಗೆ ಅವತ್ತು ಸಿಕ್ಕದ್ದು ಕಾಗದದಲ್ಲಿ ಸುತ್ತಿದ ಕೆಂಪು ಗುಳಿಗೆಗಳು. ಅವನ್ನು ಅವರು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ನುಂಗಿದರು.

ಬೇಗ ಹೋಗಿ ಎಂದಿದ್ದರು. ಆದರೆ ಕಾರ್ಖಾನೆ ಭರದಲ್ಲಿತ್ತು. "ಸೀಜನ್ ಮುಗೀಲಿ, ಮಿರಜಿಗಿ ಹೋಗೂಣು," ಎಂದರು ನಮ್ಮವರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಪಾಳಿ ಬಿಟ್ಟರೆ ಕೆಲಸ ಹೋಗುತ್ತಿತ್ತು, ಕೆಲಸ ಹೋದರೆ ಮಿರಜಿಗೆ ಹೋಗುವ ದಾರಿಯೇ ಇರುತ್ತಿರಲಿಲ್ಲ. ಅತ್ತೆಯೂ ಹಾಗೇ ಹೇಳಿದರು. ಚಳಿಗಾಲ ಕಳೆಯಿತು. ಉಳಿದ ದ್ರಾಕ್ಷಿ ಇಳಿಸಿದರು. ಅತ್ತೆ ಆ ಸಲ ತೋಟಕ್ಕೆ ಹೋಗಲಿಲ್ಲ. ಹಿತ್ತಲ ಕೋಣೆಯಲ್ಲಿ ಮಲಗಿ, ಚಿಗವ್ವ ಸಂಜೆ ತಂದುಕೊಡುವ ನಾಲ್ಕು ಹಣ್ಣುಗಳನ್ನು ನನಗೇ ಕೊಡುತ್ತಿದ್ದರು. ಅವರ ಬಾಯಿಗೆ ಏನೂ ಸೇರುತ್ತಿರಲಿಲ್ಲ.

ಸೀಜನ್ ಮುಗಿದ ಮೇಲೆ ಹೋದಾಗ, ಮಿರಜಿನ ದೊಡ್ಡ ದವಾಖಾನೆಯಲ್ಲಿ ಪರೀಕ್ಷೆ ಮಾಡಿದ ವಯಸ್ಸಾದ ಡಾಕ್ಟರು ಕೈಗವಸು ಕಳಚುತ್ತ ತಮ್ಮ ಪಕ್ಕದವರಿಗೆ, "ಫಾರ್ ಉಶೀರ್ ಝಾಲಾ," ಎಂದರು. ಬಹಳ ತಡವಾಯಿತು ಎಂದು. ಹೊಳೆಯ ದಂಡೆಯವರಿಗೆ ಮರಾಠಿ ಯಾರೂ ಕಲಿಸಬೇಕಿಲ್ಲ. ಮಂಚದ ಮೇಲೆ ಮಲಗಿದ್ದ ಅತ್ತೆಗೂ ಅದು ಪೂರ್ತಿ ತಿಳಿಯಿತು. ಅವರು ಛಾವಣಿಯನ್ನೇ ನೋಡುತ್ತಿದ್ದರು. ಆಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು, ಗರ್ಭದ ಬಾಯಿಗೆ ಕ್ಯಾನ್ಸರು, ಮೊದಲೇ ಬಂದಿದ್ದರೆ ಕರೆಂಟ್ ಕೊಟ್ಟು ಉಳಿಸಬಹುದಿತ್ತು, ಈಗಲೂ ಕೊಟ್ಟರೆ ನೋವು ಸ್ವಲ್ಪ ತಗ್ಗೀತು ಎಂದರು. ಕರೆಂಟ್ ಎಂದರೆ ಮಷಿನ್ನಿನ ಕಿರಣ ಬಿಡುವುದು, ನಮ್ಮ ಕಡೆ ಹಾಗೇ ಎನ್ನುತ್ತಾರೆ. ನಾನು ಕೇಳಿದ್ದು ಒಂದೇ ಮಾತು. ನಿಂತ ಮುಟ್ಟು ಮತ್ತೆ ಬರುವುದಿಲ್ಲವೇ ಎಂದು. ಅವರು ನನ್ನ ಮುಖ ನೋಡಿ, "ಬರುವುದಿಲ್ಲ ತಾಯಿ," ಎಂದರು.

ಬಿಟ್ಟಿಯಾಗಿ ಕರೆಂಟ್ ಕೊಡುವ ದೊಡ್ಡ ಸರ್ಕಾರಿ ಆಸ್ಪತ್ರೆ ಬಹಳ ದೂರ. ಹೋದೆವು. ಮಷಿನ್ ಒಂದು, ಕಾಯುವವರು ಒಂದು ಜಾತ್ರೆ. ಮೆಟ್ಟಿಲ ಕೆಳಗೆ, ನಲ್ಲಿಯ ಪಕ್ಕದಲ್ಲಿ, ಮರದ ಬುಡದಲ್ಲಿ ಹಾಸಿಕೊಂಡು ಮಲಗಿದವರು. ಎಲ್ಲರೂ ನಮ್ಮಂಥವರೇ. ಹೊಲಗೇಯ್ಮೆಯ ಕೈಗಳು, ಒಣಗಿದ ತುಟಿಗಳು, ಸಣ್ಣ ಗಂಟುಗಳು. ನಮ್ಮ ಪಾಳಿ ಬರುವಷ್ಟರಲ್ಲಿ ಮಷಿನ್ ಕೆಟ್ಟಿತು. ರಿಪೇರಿಯ ಹಣ ಮಂಜೂರಾಗಿ ಬರಬೇಕು ಎಂದರು. ಯಾವಾಗ ಎಂದರೆ ಯಾರಿಗೂ ಗೊತ್ತಿಲ್ಲ. ಪಕ್ಕದಲ್ಲಿ ಮಲಗಿದ್ದ ಹೆಂಗಸು ಒಂದು ಮಧ್ಯಾಹ್ನ ನಮ್ಮ ಕಣ್ಣೆದುರಿಗೇ ಹೋದಳು. ಅವಳ ಗಂಡ ಹೆಣವನ್ನು ಊರಿಗೆ ಒಯ್ಯುವ ದಾರಿ ಕಾಣದೆ ಗೋಡೆಗೆ ತಲೆ ಆನಿಸಿ ನಿಂತಿದ್ದ. ಅತ್ತೆ ಅದನ್ನು ನೋಡಿ ನನ್ನ ಕೈ ಹಿಡಿದರು.

"ನನ್ನ ಊರಿಗಿ ಒಯ್ಯ ಯವ್ವಾ. ಇಲ್ಲೆ ಬ್ಯಾಡ."

ಒಯ್ದೆವು. ಹಿತ್ತಲ ಕೋಣೆಗೆ ಅಲ್ಲ, ನಡುಮನೆಗೆ ಎಂದು ನಾನು ಹಠ ಹಿಡಿದೆ. ಅವರು ಒಪ್ಪಲಿಲ್ಲ. "ದೇವರ ಮನ್ಯಾಗ ರಕ್ತ ಬ್ಯಾಡ," ಎಂದರು. ಕಾಯಿಲೆಯ ಹೆಸರು ತಿಳಿದ ಮೇಲೂ ಅದು ಮೈಲಿಗೆ ಎಂಬುದು ಅವರ ಮನಸ್ಸಿನಿಂದ ಹೋಗಲಿಲ್ಲ. ಆ ಬಾಗಿಲಲ್ಲೇ, ಆ ಚಾಪೆಯ ಮೇಲೇ. ಆ ತಿಂಗಳುಗಳನ್ನು ನಾನು ಬರೆಯಲಾರೆ. ನೋವಿಗೆ ಅವರು ಹಲ್ಲಿನಲ್ಲಿ ಕಚ್ಚುತ್ತಿದ್ದ ಬಟ್ಟೆಯ ತುಂಡನ್ನು ದಿನಾ ಒಗೆದು ಒಣಹಾಕುತ್ತಿದ್ದೆ, ಇಷ್ಟು ಹೇಳಿದರೆ ಸಾಕು. ಚಿಗವ್ವ ತೋಟದಿಂದ ಬಂದವಳೇ ಅವರ ಕಾಲು ಒತ್ತುತ್ತ ಕುಳಿತಿರುತ್ತಿದ್ದಳು. ಮಾತು ಕಡಿಮೆಯಾಗಿತ್ತು ಅವಳದು. ಗೆಳತಿಯ ಸಂಕಟಕ್ಕೆ ಎಂದುಕೊಂಡೆ. ವೈನಿ ಹಣ್ಣು, ಹಾಲು ಕಳಿಸುತ್ತಿದ್ದರು, ತಾವು ಬರುತ್ತಿರಲಿಲ್ಲ. ಓಣಿಯಲ್ಲಿ ಯಾರೂ ರೋಗದ ಹೆಸರು ಹೇಳುತ್ತಿರಲಿಲ್ಲ, ದೊಡ್ಡ ಜಡ್ಡು ಎನ್ನುತ್ತಿದ್ದರು. ಹೆಸರೆತ್ತಿದರೆ ಹೊಸ್ತಿಲು ದಾಟಿ ಬರುತ್ತದೆ ಎಂಬ ಅಂಜಿಕೆ.

ಮಳೆಗಾಲ ಮುಗಿದು, ದ್ರಾಕ್ಷಿ ಬಳ್ಳಿ ಕತ್ತರಿಸುವ ದಿನಗಳಲ್ಲಿ, ಒಂದು ಮಧ್ಯಾಹ್ನ ಅತ್ತೆ ಹೋದರು.

ಹಿತ್ತಲಲ್ಲಿ ಸೀರೆ ಮರೆ ಹಿಡಿದು ಹೆಂಗಸರು ಸ್ನಾನಕ್ಕೆ ಸಿದ್ಧಮಾಡಿದರು. ಆಯಿ ಮುಂದೆ ನಿಂತಿದ್ದಳು. ಚಿಗವ್ವ ಬಿಸಿನೀರಿನ ಹಂಡೆಯ ಹತ್ತಿರ, ನನ್ನ ಕೈಯಲ್ಲಿ ಅರಿಸಿನ. ಆಯಿ ಮೊದಲ ತಂಬಿಗೆ ಎತ್ತುವ ಮುಂಚೆ ನನ್ನ ಕಡೆ ತಿರುಗಿ ಕೇಳಿದಳು.

"ಹೊರಗಿದ್ಲೇನ?"

ಹೊರಗಾದಾಗ ಸತ್ತ ಹೆಂಗಸಿಗೆ ನಮ್ಮಲ್ಲಿ ಬೇರೆ ರೀತಿ. ಗೋಮೂತ್ರ ಹಾಕಿ ತೊಳೆಯಬೇಕು, ಮುಂಬಾಗಿಲಿನಿಂದ ಒಯ್ಯುವಂತಿಲ್ಲ, ಹಿತ್ತಲ ಬೇಲಿ ಕಿತ್ತು ಒಯ್ಯಬೇಕು. ಆಯಿ ಕೆಟ್ಟವಳಲ್ಲ, ತನಗೆ ತಿಳಿದ ಕ್ರಮ ಕೇಳಿದಳು. ಆದರೆ ನನ್ನೊಳಗೆ ಏನೋ ಹರಿದುಹೋಯಿತು.

"ಇಲ್ಲ ಆಯಿ," ಎಂದೆ. ನನ್ನ ದನಿ ಓಣಿಗೇ ಕೇಳಿಸಿತಂತೆ. "ನಮ್ಮತ್ತಿ ಹೊರಗಾಗಿರಲಿಲ್ಲ. ಒಂದ ದಿನಾನೂ ಆಗಿರಲಿಲ್ಲ. ಅದ ಮುಟ್ಟಲ್ಲ, ಕ್ಯಾನ್ಸರ್. ಮೊದಲಿಂದನೂ ಕ್ಯಾನ್ಸರ್. ಮುಂಬಾಗಲದಿಂದನ ಹೋಗತಾರ ಅವರು."

ಮರೆಯ ಸೀರೆ ಹಿಡಿದವರ ಕೈ ಕೆಳಗಿಳಿಯಿತು. ಆ ಶಬ್ದವನ್ನು ನಮ್ಮ ಓಣಿಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಗ ಹಿಂದಿನಿಂದ ಇನ್ನೊಂದು ದನಿ ಬಂತು. ವೈನಿ ಬಂದಿದ್ದರು, ಬೇಲಿಯ ಹತ್ತಿರ ನಿಂತಿದ್ದರು.

"ಅಕಿ ಹೇಳೂದ ಖರೆ. ನನಗೂ ಅದ ಆಗಿತ್ತ," ಎಂದರು. "ಹೊಟ್ಯಾಗ ಕಲ್ಲ ಅಂತ ಹೇಳಿದ್ದ ಸುಳ್ಳ. ನನಗೂ ನಿಂತದ್ದ ಮತ್ತ ಬಂದಿತ್ತ. ಮುಂಬೈದಾಗ ಕರೆಂಟ್ ಕೊಟ್ರು, ಉಳದೇನಿ. ಮಗಳ ಲಗ್ನ ಆಗಿರಲಿಲ್ಲ. ಹೆಸರ ಹೊರಗ ಬಿದ್ರ ಯಾರ ಮಾಡಕೋತಾರ ಅಂತ ಬಾಯಿ ಮುಚ್ಚಿದೆ."

ಕೈಯಲ್ಲಿದ್ದ ಅರಿಸಿನವನ್ನು ಅವರ ಮುಖಕ್ಕೆ ಎಸೆಯಬೇಕು ಎನಿಸಿತು. ಅದೇ ನೀರು ಕುಡಿದವರು, ಅದೇ ತೋಟದಲ್ಲಿ ತಿರುಗಾಡಿದವರು, ಅದೇ ರೋಗ. ಒಬ್ಬರಿಗೆ ಮುಂಬೈ, ಒಬ್ಬರಿಗೆ ಕೆಂಪು ಗುಳಿಗೆ. ದುಡ್ಡಿನ ಮಾತು ಹಾಗಿರಲಿ, ಅಂದು ತೋಟದಲ್ಲಿ ಆ ಒಂದು ಶಬ್ದವನ್ನು ಹೇಳಿದ್ದರೆ ಮನೆ ಮಾರಿಯಾದರೂ ಓಡುತ್ತಿದ್ದೆವು. ಈಗ ಬಂದು ಹೆಣದ ಮುಂದೆ ಖರೆ ಹೇಳುತ್ತಾರೆ. ನನ್ನ ಬಾಯಿಗೆ ಬೈಗುಳ ಬಂದಿತ್ತು, ಬೈದೇ ಬಿಡುತ್ತಿದ್ದೆ.

ಅಷ್ಟರಲ್ಲಿ ಹಂಡೆಯ ಹತ್ತಿರ ತಂಬಿಗೆ ಕೆಳಗೆ ಬಿದ್ದ ಸದ್ದಾಯಿತು. ಚಿಗವ್ವ ನೆಲಕ್ಕೆ ಕುಳಿತಿದ್ದಳು. ಎರಡೂ ಕೈಯಿಂದ ಕಿಬ್ಬೊಟ್ಟೆ ಹಿಡಿದುಕೊಂಡು, ವೈನಿಯನ್ನೇ ನೋಡುತ್ತಿದ್ದಳು.

"ನನಗೂ ಬರಾಕತ್ತೈತ್ರಿ," ಎಂದಳು.

ವೈನಿ ಮರೆ ದಾಟಿ ಒಳಗೆ ಬಂದರು, ಅವಳ ಮುಂದೆ ಆ ಒದ್ದೆ ನೆಲದಲ್ಲೇ ಕುಳಿತರು. "ಯಾವಾಗಿಂದ?"

"ದ್ರಾಕ್ಷಿ ಇಳಸೂ ಮುಂದಿಂದ್ರಿ."

"ಇಷ್ಟ ದಿನಾ ಯಾಕ ಹೇಳಲಿಲ್ಲ?"

ಚಿಗವ್ವ ನಮ್ಮ ಅತ್ತೆಯ ಕಡೆ ಒಮ್ಮೆ ನೋಡಿದಳು.

"ಅಕ್ಕ ಹೇಳಿದ್ಲಲ್ರಿ ನಿಮಗ," ಎಂದಳು. "ಮರದಿನದಿಂದ ಅಕಿಗಿ ತ್ವಾಟಕ್ಕ ಬಿಡಲಿಲ್ಲ ನೀವು."